ಹುಲ್ಲು ಹೊಡೆಯೋಕಂತಲೇ ಎರಡನೇ ಹಳೇ ಮಿನಿ ಟ್ರ್ಯಾಕ್ಟರ್: ಏನೇನು ನೋಡ್ಬೇಕು?

ಮಾವಿನತೋಪು:
ದೊಡ್ಡಬಳ್ಳಾಪುರ ರಸ್ತೆ ಕಡೆ ನಾಲ್ಕು ಎಕರೆ, ಮಾವು ಮತ್ತು ತೆಂಗು. ಈಗಿರೋದು ಹಳೇ ಮಿತ್ಸುಬಿಷಿ ಶಕ್ತಿ ಎಂಟಿ 180 ಡಿ, ಹಿಂದೆ ಯಾವಾಗ್ಲೂ ರೋಟವೇಟರ್ (ಮಣ್ಣು ಪುಡಿ ಮಾಡೋದು). ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಅದನ್ನ ಬಿಚ್ಚಿ ಸ್ಲ್ಯಾಶರ್ (ಹುಲ್ಲು ಹೊಡೆಯೋದು) ಕಟ್ಟೋದು ಸಾಕಾಗಿದೆ. ವಿಜಯಪುರದ ಹತ್ರ ಅದೇ ಮಾಡೆಲ್ ಇನ್ನೊಂದು ಮಾರಾಟಕ್ಕಿದೆ. 2008ರ ನೋಂದಣಿ, ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ ನಿಂತಿದೆ, ಪೇಂಟ್ ಮಾತ್ರ ಫಳಫಳ. ನಾಲ್ಕಡಿ ಸ್ಲ್ಯಾಶರ್‌ಗೇ ಮೀಸಲಿಡೋ ಯೋಚನೆ. ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡ್ಬೇಕು?

ಹಳೇಸ್ಪ್ಯಾನರ್:
ಪೇಂಟ್ ಮರೆತುಬಿಡಿ ಸರ್. ಹೋದ ತಕ್ಷಣ ಎಂಜಿನ್ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಟೀ ಕುಡಿದು, ಪೂರ್ತಿ ತಣ್ಣಗಾಗೋವರೆಗೂ ಕಾಯಿರಿ. ಡೀಸೆಲ್ ಗಾಡಿಯ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿದ್ರೆ ಗೊತ್ತಾಗೋದು ತಣ್ಣಗಿನ ಸ್ಟಾರ್ಟ್‌ನಲ್ಲೇ.

ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ಪೊರೆ ಇದ್ರೆ, ಅಥವಾ ಸ್ಟಾರ್ಟ್ ಮಾಡಿದ ಮೇಲೆ ಗುಳ್ಳೆ ನಿಲ್ಲದೇ ಬಂದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಮೇಲೆ ಬ್ರೀದರ್ ಪೈಪ್, ಅಂದ್ರೆ ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋದು. ಹಬೆ ತರ ತೆಳ್ಳಗೆ ಬಂದ್ರೆ ಪರವಾಗಿಲ್ಲ, ದಮ್ಮು ಕಟ್ಟಿ ಪುಸಪುಸ ಉಗುಳಿದ್ರೆ ಪಿಸ್ಟನ್ ರಿಂಗ್ ಕಥೆ ಮುಗಿದಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಸುಡ್ತಿದೆ. ಲೋಡ್ ಕೊಟ್ಟಾಗ ಕಪ್ಪು ಹೊಗೆ ಬಂದ್ರೆ ಮೊದಲು ಏರ್ ಕ್ಲೀನರ್, ಆಮೇಲೆ ಇಂಜೆಕ್ಟರ್ ನೋಡಿಸಿ. ಇದು ದೊಡ್ಡ ಖರ್ಚಲ್ಲ.

ಕ್ಲಚ್‌ಗೆ: ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಆಫ್ ಆಗ್ಬೇಕು. ಆಗದೇ ಓಡ್ತಾನೇ ಇದ್ರೆ ಪ್ಲೇಟ್ ಜಾರ್ತಿದೆ. ಪ್ಲೇಟ್‌ಗಿಂತ ಗಾಡಿನ ನಡುವೆ ಬಿಚ್ಚಿ ಎರಡು ಮಾಡೋ ಕೂಲಿ ಜಾಸ್ತಿ, ಚೌಕಾಸಿ ಮಾಡೋವಾಗ ನೆನಪಿರಲಿ. ಕೊನೆಗೆ ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರಗಳನ್ನ ಅಲ್ಲಾಡಿಸಿ. ಕಿಂಗ್ ಪಿನ್ ಬುಷ್, ಆಕ್ಸಲ್ ನಡುವಿನ ಪಿನ್ ಎರಡೂ ಸವೆದಿದ್ರೆ ಗಾಡಿ ತುಂಬಾ ಓಡಿದೆ ಅಂತ ಅರ್ಥ, ಮೀಟರ್ ನಿಂತಿರೋದು ಯಾಕೆ ಅಂತ ಕೇಳೋದೇ ಬೇಡ.

ಗರಿಕೆ:
ಇವರು ಎಂಜಿನ್ ಪೂರ್ತಿ ಹೇಳಿದಾರೆ, ನಾನು ಹಿಂಭಾಗ ಹೇಳ್ತೀನಿ.

ಮೊದಲು ಪಿಟಿಒ (ಹಿಂದೆ ಕಟ್ಟಿದ ಯಂತ್ರ ತಿರುಗಿಸೋ ಶಾಫ್ಟ್) ಗೇರ್. ಈ ಗಾಡಿಯಲ್ಲಿ ಪಿಟಿಒಗೆ ಒಂದಕ್ಕಿಂತ ಹೆಚ್ಚು ವೇಗ ಇದೆ, ಸ್ಲ್ಯಾಶರ್ ಗೇರ್‌ಬಾಕ್ಸ್ ಮಾಡಿರೋದು 540 ಆರ್‌ಪಿಎಂಗೆ. ಲೆಕ್ಕ ನೋಡಿ: 1:1.93 ಅನುಪಾತ ಇದ್ರೆ ಬ್ಲೇಡ್ ಸುಮಾರು 1040 ಸುತ್ತು. ನಾಲ್ಕಡಿಗೆ ಬ್ಲೇಡ್ ತುದಿ ಸೆಕೆಂಡಿಗೆ ಸುಮಾರು 66 ಮೀಟರ್ ವೇಗದಲ್ಲಿರುತ್ತೆ. ಮೇಲಿನ ಗೇರ್ ಹಾಕಿ ‘ಚೆನ್ನಾಗಿ ಕತ್ತರಿಸುತ್ತೆ’ ಅನ್ನೋರ ಪಕ್ಕ ನಿಲ್ಲಬೇಡಿ. ಕಲ್ಲು ಗುಂಡಿನ ಹಾಗೆ ಹಾರುತ್ತೆ.

ಇದು ಸಿಂಗಲ್ ಕ್ಲಚ್ ಗಾಡಿ ಬೇರೆ, ಚಕ್ರಕ್ಕೂ ಪಿಟಿಒಗೂ ಒಂದೇ ಕ್ಲಚ್. ಕ್ಲಚ್ ಒತ್ತಿದ್ರೂ ತಿರುಗ್ತಿರೋ ಬ್ಲೇಡ್‌ನ ಭಾರ ಹಿಂದಿನಿಂದ ಗೇರ್‌ಬಾಕ್ಸ್ ತಿರುಗಿಸಿ ಗಾಡಿನ ಮುಂದಕ್ಕೆ ತಳ್ಳುತ್ತೆ. ಬೇಲಿ ಹತ್ರ ಇದೇ ಎಡವಟ್ಟು. ಶಾಫ್ಟ್‌ಗೆ ಓವರ್‌ರನ್ನಿಂಗ್ ಕ್ಲಚ್ (ಬ್ಲೇಡ್ ತಿರುಗ್ತಿದ್ರೂ ಗಾಡಿನ ತಳ್ಳದ ಹಾಗೆ ಮಾಡೋದು) ಇರೋದನ್ನೇ ತಗೊಳ್ಳಿ.

ಶಿಯರ್ ಬೋಲ್ಟ್ (ಬ್ಲೇಡ್ ಸಿಕ್ಕಿಕೊಂಡ್ರೆ ತಾನು ಮುರಿದು ಉಳಿದಿದ್ದನ್ನ ಕಾಯೋದು) ತೆಂಗಿನ ಮಟ್ಟೆಗೆ ಸಿಕ್ಕಿ ಪದೇ ಪದೇ ಮುರಿಯುತ್ತೆ ಅಂತ ಸುಲಭಕ್ಕೆ ಮುರಿಯದ ಹೈ ಟೆನ್ಸೈಲ್ ಬೋಲ್ಟ್ ಹಾಕೋರಿದಾರೆ. ಆಗ ಮುರಿಯೋದು ಗೇರ್‌ಬಾಕ್ಸ್ ಶಾಫ್ಟು. ಮಟ್ಟೆ ಆಯ್ದು ಹಾಕಿ ಸರ್, ಅಷ್ಟೇ.

ಡ್ರಿಪ್ ಇದ್ರೆ ಇನ್ನೊಂದು. 16 ಮಿಮೀ ಲ್ಯಾಟರಲ್ ಪೈಪ್ ಹುಲ್ಲಲ್ಲಿ ಕಾಣಲ್ಲ. ಬ್ಲೇಡ್ ಎಳ್ಕೊಂಡ್ರೆ ಸ್ಪಿಂಡಲ್‌ಗೆ ನೂಲಿನುಂಡೆ ಹಾಗೆ ಸುತ್ಕೊಂಡು, ಬಿಸಿಗೆ ಕರಗಿ, ಆಯಿಲ್ ಸೀಲ್ ಕೆಳಗೆ ನುಗ್ಗುತ್ತೆ. ಅವತ್ತು ಏನೂ ಗೊತ್ತಾಗಲ್ಲ, ಮುಂದಿನ ತಿಂಗಳು ಗೇರ್‌ಬಾಕ್ಸ್ ಎಣ್ಣೆಯಿಲ್ಲದೇ ಒಣಗಿರುತ್ತೆ. ಲ್ಯಾಟರಲ್ ಎತ್ತಿ ಮರಕ್ಕೆ ಸಿಕ್ಕಿಸಿ ಶುರು ಮಾಡಿ. ಕತ್ತರಿಸೋ ಎತ್ತರ ಮೂರರಿಂದ ನಾಲ್ಕು ಇಂಚು, ಟಾಪ್ ಲಿಂಕ್ (ಗಾಡಿಗೂ ಸ್ಲ್ಯಾಶರಿಗೂ ನಡುವಿನ ಮೇಲಿನ ಸರಳು) ಹೊಂದಿಸಿ ಸ್ಲ್ಯಾಶರಿನ ಮುಂಭಾಗ ಹಿಂಭಾಗಕ್ಕಿಂತ ಅರ್ಧ ಇಂಚು ತಗ್ಗಿರಲಿ. ಟವೆಲ್, ಪಂಚೆ ಉಟ್ಟವರು ಶಾಫ್ಟ್ ಹತ್ರ ಬರಲೇಬಾರದು.

ಲೆಕ್ಕದಪುಸ್ತಕ:
ಅಡ್ಡ ಬಾಯಿ ಹಾಕ್ತೀನಿ. ಗಂಟೆಗೆ 3 ಕಿಮೀ, ಸಾಲು ಮೇಲೆ ಸಾಲು ಬಿದ್ದು ಸಿಗೋ ಅಗಲ ಒಂದು ಮೀಟರ್ ಚಿಲ್ಲರೆ. ಮುಕ್ಕಾಲು ಎಕರೆ ಆಗ್ಬೇಕು, ಮರ ಸುತ್ತೋದು ತಿರುಗಿಸೋದು ಕಳೆದ್ರೆ ಅರ್ಧ ಎಕರೆ. ನಾಲ್ಕು ಎಕರೆಗೆ ಎಂಟು ಗಂಟೆ. ಅರ್ಧ ಗಂಟೆಯ ಬಿಚ್ಚಿಕಟ್ಟೋ ಕೆಲಸ ಉಳಿಸೋಕೆ ಇನ್ನೊಂದು ಎಂಜಿನ್, ಬ್ಯಾಟರಿ, ನಾಲ್ಕು ಟೈರ್ ಸಾಕೋದು ನನಗಂತೂ ದುಬಾರಿ. ರೋಟವೇಟರ್‌ಗೆ ಚಕ್ರದ ಸ್ಟ್ಯಾಂಡ್ ಮಾಡಿಸಿ, ಸಿಮೆಂಟ್ ನೆಲದಲ್ಲಿ ಬಿಚ್ಚಿ ನೋಡಿ. ಒಂದಂತೂ ಒಪ್ತೀನಿ, ಅದೇ ಮಾಡೆಲ್ ಆದ್ರೆ ಫಿಲ್ಟರ್, ಸೀಲ್, ಬೆಲ್ಟ್ ಒಂದೇ ಡಬ್ಬಿಯಲ್ಲಿ ಇಟ್ಕೋಬಹುದು, ಒಂದು ಕೆಟ್ಟಾಗ ಇನ್ನೊಂದು ಕೆಲಸಕ್ಕೆ ಬರುತ್ತೆ.

ತಗೊಳ್ಳೋದೇ ಆದ್ರೆ ಕಾಗದ. 2008ರದು ಅಂದ್ರೆ ನೋಂದಣಿಯ 15 ವರ್ಷ 2023ಕ್ಕೇ ಮುಗೀತು. ಫಾರ್ಮ್ 25ರಲ್ಲಿ ನವೀಕರಣ ಆಗಿದೆಯಾ ನೋಡಿ, ಆಗಿದ್ರೆ 5 ವರ್ಷ. ವರ್ಗಾವಣೆಗೆ ಫಾರ್ಮ್ 29, 30. ಆರ್‌ಸಿಯಲ್ಲಿ ಸಾಲ ನಮೂದಾಗಿದ್ರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರ್ಮ್ 35. ಹೊಸ ಪೇಂಟ್ ಅಂದ್ರಲ್ಲ, ಚಾಸಿ ನಂಬರ್ ಮೇಲಿನ ಬಣ್ಣ ಕೆರೆದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಜೊತೆ ಹೊಂದಿಸಿ.

ಮಾವಿನತೋಪು:
ಹೋಗಿ ನೋಡಿ ಬಂದೆ. ತಣ್ಣಗಿತ್ತು, ಎರಡನೇ ಸಲಕ್ಕೆ ಸ್ಟಾರ್ಟ್. ಕ್ಲಚ್ ಪಾಸ್. ನವೀಕರಣ ಆಗಿಲ್ಲ, ಅವರೇ ಮಾಡಿಸಿಕೊಡ್ತಾರಂತೆ. ಹಿಂದಿನ ಯಂತ್ರ ಎತ್ತೋ ಲಿಫ್ಟ್ ಮೇಲೆತ್ತಿ ಎಂಜಿನ್ ಆಫ್ ಮಾಡಿದ್ರೆ ಹತ್ತು ನಿಮಿಷಕ್ಕೆ ನಾಲ್ಕು ಇಂಚು ಇಳೀತು, ಪಿಟಿಒ ಸೀಲ್ ಹತ್ರ ಎಣ್ಣೆ ಜಿನುಗು.

ಹಳೇಸ್ಪ್ಯಾನರ್:
ನವೀಕರಣ ಕೈಗೆ ಬರೋವರೆಗೂ ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ಕೊಡಬೇಡಿ. ಲಿಫ್ಟ್ ಇಳಿಯೋದು ಹುಲ್ಲಿನ ಕೆಲಸಕ್ಕೆ ಅಡ್ಡಿ ಇಲ್ಲ, ಸ್ಲ್ಯಾಶರ್ ತನ್ನ ಸ್ಕಿಡ್ (ನೆಲದ ಮೇಲೆ ಜಾರೋ ಪಟ್ಟಿ) ಮೇಲೇ ಕೂತಿರುತ್ತೆ. ಬಿಡುವಾದಾಗ ಓ-ರಿಂಗ್ ಬದಲಿಸಿ. ಆದ್ರೆ ಬ್ಲೇಡ್ ನೋಡೋಕೆ ಅದರ ಕೆಳಗೆ ಕೈ ಹಾಕೋ ಮುಂಚೆ ಮರದ ದಿಮ್ಮಿ ಕೊಡಲೇಬೇಕು.

ಸೀಲ್ ತೆಗೆದಾಗ ಶಾಫ್ಟ್‌ನಲ್ಲಿ ಅದು ಕೂರೋ ಜಾಗದ ಮೇಲೆ ಉಗುರು ಎಳೀರಿ. ಉಗುರು ಸಿಕ್ಕಿಕೊಂಡ್ರೆ ಅಲ್ಲಿ ಗೆರೆ ಬಿದ್ದಿದೆ, ಹೊಸ ಸೀಲ್ ಹಾಕಿದ್ರೂ ವಾರದಲ್ಲಿ ಸೋರುತ್ತೆ. ಸೀಲ್ ಒಂದೆರಡು ಮಿಮೀ ಒಳಗೋ ಹೊರಗೋ ಕೂರಿಸಿದ್ರೆ ತುಟಿ ಹೊಸ ಜಾಗದಲ್ಲಿ ಕೂರುತ್ತೆ. ಹಳೇ ಸೀಲ್ ಬಿಸಾಕ್ಬೇಡಿ, ಅದರ ಮೇಲೆ ಅಳತೆ ಅಚ್ಚಾಗಿರುತ್ತೆ, ಎಸ್‌ಜೆಪಿ ರಸ್ತೆಗೆ (ಬೆಂಗಳೂರಲ್ಲಿ ಬಿಡಿಭಾಗ ಸಿಗೋ ಬೀದಿ) ಅದನ್ನೇ ತಗೊಂಡು ಹೋಗಿ.