ಸಹಾಯ ಬೇಕು: 16 ಥ್ರೆಡ್ ದಾಟಿದ ಮೇಲೆ ಸರ್ವರ್ ನಿಧಾನ ಆಗ್ತಿದೆ

ಎಲ್ಲರಿಗೂ ನಮಸ್ಕಾರ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿರೋ ಸರ್ವರ್, ಲಿನಕ್ಸ್, ಎರಡು ಸಾಕೆಟ್‌ನ (ಅಂದ್ರೆ ಎರಡು ಪ್ರೊಸೆಸರ್ ಚಿಪ್ ಇರೋ) ಇಂಟೆಲ್ ಮೆಷಿನ್, ಸಾಕೆಟ್‌ಗೆ 16 ಕೋರ್. ಮೊದಲ ಸಾಕೆಟ್‌ನ 16 ಕೋರ್ ತುಂಬೋವರೆಗೂ ಥ್ರೂಪುಟ್ (ಸೆಕೆಂಡಿಗೆ ಮುಗಿಯೋ ರಿಕ್ವೆಸ್ಟ್) ಚೆನ್ನಾಗಿ ಏರುತ್ತೆ. 17ನೇ ಥ್ರೆಡ್ ಎರಡನೇ ಸಾಕೆಟ್‌ಗೆ ಹೋಗಿದ್ದೇ ತಡ, ಇಳಿಯೋಕೆ ಶುರು. 32ಕ್ಕೆ ಬಂದರೆ 12 ಥ್ರೆಡ್‌ನಲ್ಲಿ ಸಿಗ್ತಿದ್ದಷ್ಟೂ ಸಿಗಲ್ಲ. ಕೋರ್‌ಗಳು ಮಾತ್ರ ಎಲ್ಲಾ ಫುಲ್ ಬ್ಯುಸಿ.

ಮೊದಲು ಲಾಕ್ ಮೇಲೆ ಅನುಮಾನ ಬಂತು. ಸೆಷನ್ ಟೇಬಲ್‌ನ ಒಂದೇ ಮ್ಯೂಟೆಕ್ಸ್ (ಲಾಕ್) ತೆಗೆದು 64 ಭಾಗ ಮಾಡಿ, ಭಾಗಕ್ಕೊಂದು ಲಾಕ್ ಕೊಟ್ಟೆ. ಜೆಮ್ಯಾಲಕ್ (ಬೇರೆ ಮೆಮೊರಿ ಅಲೊಕೇಟರ್) ಕೂಡ ಹಾಕಿ ನೋಡಿದೆ. ಹೇಳಿಕೊಳ್ಳೋ ಲಾಭ ಇಲ್ಲ. ಆಮೇಲೆ ಪರ್ಫ್ ಸಿ2ಸಿ (ಕೋರ್‌ಗಳು ಒಂದೇ ಡೇಟಾಗೆ ಕಿತ್ತಾಡೋದನ್ನ ತೋರಿಸೋ ಟೂಲ್) ಓಡಿಸಿದಾಗ ಒಂದು ಕಳ್ಳ ಸಿಕ್ಕಿತು: ಪ್ರತಿ ಥ್ರೆಡ್‌ನ 8 ಬೈಟ್ ಕೌಂಟರ್‌ಗಳು ಒಂದೇ ಅರೇಯಲ್ಲಿ ಅಂಟಿಕೊಂಡು ಕೂತಿದ್ದವು. ಅಂದ್ರೆ 64 ಬೈಟ್ ಕ್ಯಾಶ್ ಲೈನ್‌ನಲ್ಲಿ (ಕ್ಯಾಶ್ ಒಂದು ಸಲಕ್ಕೆ ತರೋ ತುಂಡು) 8 ಕೌಂಟರ್. ಒಬ್ಬ ಬರೆದರೆ ಉಳಿದ 7 ಕೋರ್‌ಗಳ ಲೈನ್ ರದ್ದು. ಪ್ರತಿಯೊಂದನ್ನೂ 64 ಬೈಟ್‌ಗೆ ಅಲೈನ್ ಮಾಡಿದೆ, ಅಂದ್ರೆ ಒಂದೊಂದಕ್ಕೂ ಬೇರೆ ಲೈನ್. ಹಿಟ್‌ಎಂ (ಬೇರೆ ಕೋರ್ ಬದಲಿಸಿದ ಲೈನನ್ನ ಓದೋದು) ಎಣಿಕೆ ಪೂರ್ತಿ ಬಿದ್ದುಹೋಯ್ತು, ಆದರೂ 32 ಥ್ರೆಡ್‌ನ ವೇಗ 16ರದ್ದಕ್ಕಿಂತ ಕಡಿಮೆಯೇ.

ಗೊಂದಲ ಇಲ್ಲೇ. ಪ್ರೀಫೆಚರ್ (ಬೇಕಾಗಬಹುದು ಅಂತ ಡೇಟಾ ಮುಂಚೆಯೇ ತರೋ ಹಾರ್ಡ್‌ವೇರ್) ಪಕ್ಕದ ಲೈನನ್ನೂ ಸೇರಿಸಿ 128 ಬೈಟ್ ಜೋಡಿಯಾಗಿ ಎಳೀತಿರಬಹುದು. ಇನ್ನೊಂದು ಕಡೆ, ರಿಕ್ವೆಸ್ಟ್ ಬಫರ್ ಪೂಲ್‌ನ ಅಷ್ಟೂ ಪುಟಗಳನ್ನ ಶುರುವಲ್ಲಿ ಮೇನ್ ಥ್ರೆಡ್ಡೇ ಮುಟ್ಟುತ್ತೆ; ಮೊದಲು ಮುಟ್ಟಿದ ಕೋರ್‌ಗೆ ಹತ್ತಿರದ ಮೆಮೊರಿಯಲ್ಲೇ ಲಿನಕ್ಸ್ ಪುಟ ಇಡುತ್ತೆ. ಹಾಗಾಗಿ ನ್ಯೂಮಾಸ್ಟ್ಯಾಟ್‌ನಲ್ಲಿ (ಪುಟ ಯಾವ ನೋಡ್‌ನಲ್ಲಿದೆ ಅಂತ ತೋರಿಸೋ ಟೂಲ್) ಎಲ್ಲಾ ನೋಡ್ 0ರಲ್ಲೇ (ಮೊದಲ ಸಾಕೆಟ್‌ನ ಮೆಮೊರಿ) ಕಾಣ್ತಿದೆ. ನ್ಯೂಮಾಸಿಟಿಎಲ್‌ನಲ್ಲಿ ಇಂಟರ್‌ಲೀವ್ (ಪುಟಗಳನ್ನ ಎರಡೂ ನೋಡ್‌ಗೆ ಸರದಿಯಂತೆ ಹಂಚೋದು) ಕೊಟ್ಟರೆ 32ರಲ್ಲಿ ಸ್ವಲ್ಪ ಏರುತ್ತೆ, 8ರಲ್ಲಿ ಇಳಿಯುತ್ತೆ.

ಈ ಎರಡನ್ನೂ ಬೇರ್ಪಡಿಸಿ ತೋರಿಸೋಕೆ ಪರ್ಫ್‌ನಲ್ಲಿ ಯಾವ ಈವೆಂಟ್ ನೋಡಬೇಕು? ಮೊದಲು ಕೌಂಟರ್‌ಗಳನ್ನ 128ಕ್ಕೆ ಅಲೈನ್ ಮಾಡಲಾ, ಇಲ್ಲ ಪೂಲನ್ನ ನೋಡ್‌ಗೊಂದರಂತೆ ಒಡೆಯಲಾ?