‘ಫೋರ್‌ಬೇರ್’ ಅಂದರೆ ಪೂರ್ವಜರೋ, ಹಿರೀಕರೋ?

ಒಂದು ಮನೆತನದ ಇತಿಹಾಸವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಕರಡು ತಿದ್ದಲು ನನ್ನ ಬಳಿ ಬಂದಿದೆ. ಮೊದಲ ಪುಟದಲ್ಲೇ ‘ನಮ್ಮ ಸಹನಶೀಲರು ಈ ಊರಿಗೆ ಬಂದು ನೆಲೆಸಿದರು’ ಎಂದಿತ್ತು. ಯಾರಪ್ಪಾ ಈ ಸಹನಶೀಲರು ಎಂದು ಮೂಲ ತೆಗೆದು ನೋಡಿದರೆ, ಅಲ್ಲಿದ್ದದ್ದು ‘ಫೋರ್‌ಬೇರ್ಸ್’.

ಅನುವಾದಕರನ್ನು ದೂರಲು ಮನಸ್ಸು ಬರಲಿಲ್ಲ. ನಡುವೆ ‘ಇ’ ಅಕ್ಷರ ಇಲ್ಲದ ‘ಫರ್‌ಬೇರ್’ (forbear) ಕ್ರಿಯಾಪದ. ತಡೆದುಕೊಳ್ಳು, ಸೈರಿಸು ಎಂದು ಅರ್ಥ. 1872ರ ಕರಾರು ಕಾಯ್ದೆಯ 137ನೇ ಕಲಮಿನಲ್ಲಿ, ಸಾಲ ಕೊಟ್ಟವನು ದಾವೆ ಹೂಡದೆ ತಡೆದುಕೊಂಡಿರುವುದಕ್ಕೆ ‘ಫರ್‌ಬೇರನ್ಸ್’ ಎಂದಿರುವುದು ಇದೇ ಮೂಲದ್ದು. ‘ಇ’ ಇರುವುದು (forebear) ನಾಮಪದ, ನಮಗಿಂತ ಹಿಂದಿನ ತಲೆಮಾರಿನವರು ಎಂದು ಅರ್ಥ. ಆದರೆ ನಾಮಪದವನ್ನೂ ‘ಇ’ ಬಿಟ್ಟು ಬರೆಯುವುದುಂಟು, ಆಗ ಕಣ್ಣಿಗೆ ಎರಡೂ ಒಂದೇ. ಮಾತಿನಲ್ಲಿ ಮಾತ್ರ ಗೊತ್ತಾಗುತ್ತದೆ: ನಾಮಪದಕ್ಕೆ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದಕ್ಕೆ ಎರಡನೆಯದರ ಮೇಲೆ.

ನನಗೆ ಬಹಳ ಹಿಡಿಸಿದ್ದು ಈ ನಾಮಪದ ಹುಟ್ಟಿದ ಬಗೆ. ಕೊನೆಯ ‘ಬೇರ್’ಗೂ ಹೊರುವುದಕ್ಕೂ, ಹೆರುವುದಕ್ಕೂ ಸಂಬಂಧವಿಲ್ಲ. ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿ 15ನೇ ಶತಮಾನದಲ್ಲಿ ಕಾಣಿಸಿಕೊಂಡ ಈ ಪದವನ್ನು ಬಿಡಿಸಿದರೆ ‘ಫೋರ್’ + ‘ಬಿ’ + ‘ಅರ್’. ‘ಬಿ’ ಅಂದರೆ ಇರು. ಅಂದರೆ ಮುಂಚೆ ಇದ್ದವರು, ಅಷ್ಟೇ! ‘ಆನ್ಸೆಸ್ಟರ್’ ಲ್ಯಾಟಿನ್ನಿನಿಂದ ಬಂದದ್ದು, ಮುಂದೆ ನಡೆದುಹೋದವರು ಎಂಬ ಅರ್ಥದ್ದು. ‘ಪ್ರಿಡಿಸೆಸರ್’ ಸಾಮಾನ್ಯವಾಗಿ ಹುದ್ದೆಯ ಮಾತು. 1952ರಲ್ಲಿ ಕೆಂಗಲ್ ಹನುಮಂತಯ್ಯನವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದಾಗ ಕೆ.ಸಿ. ರೆಡ್ಡಿಯವರು ಅವರ ಪ್ರಿಡಿಸೆಸರ್; ಫೋರ್‌ಬೇರ್ ಅಲ್ಲ. ಇದಕ್ಕೆ ನಮ್ಮಲ್ಲಿ ‘ನಿಕಟಪೂರ್ವ’ ಚೆನ್ನಾಗಿ ಬಳಕೆಯಲ್ಲಿದೆ.

ಫೋರ್‌ಬೇರ್‌ಗೆ ಕೂಡಲೇ ನಾಲಿಗೆಗೆ ಬರುವುದು ‘ಪೂರ್ವಜರು’. ಆದರೆ ಅದರಲ್ಲಿ ‘ಜ’ ಇದೆ, ಹುಟ್ಟು ಇದೆ. ಸಂಸ್ಕೃತದಲ್ಲಿ ಅಣ್ಣನೂ ಪೂರ್ವಜನೇ. ‘ಪಿತೃಗಳು’ ಎಂದರೆ ದರ್ಭೆ, ಎಳ್ಳುನೀರಿನ ವಾಸನೆ ಬರುತ್ತದೆ. ನಮ್ಮಜ್ಜಿ ಇವೆರಡನ್ನೂ ಆಡಿದ್ದು ನಾನು ಕೇಳಿಲ್ಲ. ಮಹಾಲಯ ಅಮಾವಾಸ್ಯೆಗೆ, ಅವರ ಬಾಯಲ್ಲಿ ಮಾರ್ಲಾಮಿಗೆ, ಗೋಡೆಯ ಪಕ್ಕ ಬಾಳೆಲೆ ಹಾಕಿ, ಕಜ್ಜಾಯ, ವಡೆ, ಹೊಸ ಸೀರೆ, ಪಂಚೆ ಇಟ್ಟು ‘ಹಿರೀಕರಿಗೆ ಎಡೆ ಇಟ್ಟಾಯ್ತು, ಬಾಗಿಲು ಮುಂದೆ ಮಾಡ್ರೋ, ಬಂದು ಉಣ್ಣಲಿ’ ಅನ್ನುತ್ತಿದ್ದರು. ಆ ಹಿರೀಕರಲ್ಲಿ ಅಜ್ಜಿಯ ಅತ್ತೆ, ಮಾವ ಇದ್ದರು. ಮಕ್ಕಳಿಲ್ಲದೆ ನಮ್ಮ ಮನೆಯಲ್ಲೇ ಕೊನೆಯುಸಿರೆಳೆದ ದೂರದ ನೆಂಟರೊಬ್ಬರೂ ಇದ್ದರು. ರಕ್ತಸಂಬಂಧವನ್ನು ಅಜ್ಜಿ ಲೆಕ್ಕ ಹಾಕಿದವರಲ್ಲ. ಮುಂಚೆ ಈ ಮನೆಯಲ್ಲಿ ಇದ್ದವರು, ಅಷ್ಟು ಸಾಕಿತ್ತು. ಹಾಗಾಗಿ ಕರಡಿನಲ್ಲಿ ಸಹನಶೀಲರನ್ನು ಹೊಡೆದುಹಾಕಿ ‘ನಮ್ಮ ಹಿರೀಕರು’ ಎಂದು ಬರೆದಿದ್ದೇನೆ.

ತೊಡಕಾಗಿರುವುದು ಮುಂದಿನ ಅಧ್ಯಾಯದಲ್ಲಿ. ಮನೆತನದ ಒಬ್ಬರು ವೀಣೆ ನುಡಿಸುತ್ತಿದ್ದರಂತೆ. ಅವರ ಗುರು, ಆ ಗುರುವಿನ ಗುರು, ಎಲ್ಲರನ್ನೂ ಲೇಖಕರು ಫೋರ್‌ಬೇರ್ಸ್ ಎಂದೇ ಕರೆದಿದ್ದಾರೆ. ಇಲ್ಲಿ ಪೂರ್ವಜರು ಎಂದರೆ ತಪ್ಪೇ ಆಗುತ್ತದೆ. ‘ಪೂರ್ವಸೂರಿಗಳು’ ವಿದ್ವಾಂಸರಿಗೆ, ಕವಿಗಳಿಗೆ ಒಪ್ಪುತ್ತದೆ, ಮನೆಮಾತಿನ ಬರಹದಲ್ಲಿ ಭಾರವೆನಿಸುತ್ತದೆ. ‘ಹಿಂದಿನವರು’ ತೀರಾ ಸಪ್ಪೆ. ಹಿರೀಕರು ಇಲ್ಲಿಯೂ ನಡೆದೀತೇ? ಕಸುಬಿನ ಮನೆಗಳಲ್ಲಿ, ಮೇಳಗಳಲ್ಲಿ, ನೇಕಾರರಲ್ಲಿ, ತಮಗೆ ಕೈ ತಿದ್ದಿ ಕಲಿಸಿದವರ ಸಾಲನ್ನು ಒಟ್ಟಾಗಿ ಏನೆಂದು ಕರೆಯುತ್ತಾರೆ? ನಿಮ್ಮ ಕಡೆಯ ಮಾತು ಗೊತ್ತಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.