ಸಿಂಗಪುರದಲ್ಲಿ ಪಿಆರ್ (ಕಾಯಂ ವಾಸದ ಅನುಮತಿ) ತೆಗೆದುಕೊಂಡರೆ ಮಗ ಸೇನೆಗೆ ಹೋಗಲೇಬೇಕೇ?

ಪ್ರಶ್ನೆ: ಸೆಂಗ್‌ಕಾಂಗ್ ನಿವಾಸಿ
ಕೆಲಸದ ಪಾಸ್ ಮೇಲೆ ಸಿಂಗಪುರದಲ್ಲಿದ್ದೇನೆ. ಕುಟುಂಬ ಸಮೇತ ಪಿಆರ್‌ಗೆ ಅರ್ಜಿ ಹಾಕುವ ಯೋಚನೆಯಿದೆ. ನನಗೆ ಸೇನಾ ಸೇವೆ (ಎನ್‌ಎಸ್) ಇಲ್ಲ. ಹನ್ನೊಂದು ವರ್ಷದ ಮಗನಿಗೆ ಮುಂದೆ ಎರಡು ವರ್ಷ ಕಡ್ಡಾಯ. ದಾವಣಗೆರೆಯಲ್ಲಿರುವ ಅಮ್ಮ, "ಯಾರದೋ ದೇಶಕ್ಕೆ ನನ್ನ ಮೊಮ್ಮಗ ಬಂದೂಕು ಹಿಡಿಯಬೇಕೇ?" ಎಂದು ಅಳುತ್ತಾರೆ. ಸ್ನೇಹಿತರೊಬ್ಬರು, "ಈಗ ತೆಗೆದುಕೊಳ್ಳಿ, ಹದಿನೇಳಕ್ಕೆ ಬಿಟ್ಟರಾಯಿತು" ಎನ್ನುತ್ತಾರೆ. ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ಹೇಳಿ.

ಉತ್ತರ: ಎನ್‌ಎಸ್ ಹುಡುಗನ ತಾಯಿ
ಆ ಸ್ನೇಹಿತರ ಮಾತು ಕೇಳಬೇಡಿ ಸರ್. ಹದಿಮೂರು ದಾಟಿದ ಮೇಲೆ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿರಬೇಕಾದರೆ ಅನುಮತಿ ಬೇಕು. ಹದಿನಾರೂವರೆ ವರ್ಷವಾದಾಗ ಸೇನಾ ಸೇವೆಗೆ ನೋಂದಣಿ. ಸೇವೆ ಮಾಡದೆ ಪಿಆರ್ ಬಿಟ್ಟುಕೊಟ್ಟರೆ, ಮುಂದೆ ಅವನು ಓದಿಗೋ ಕೆಲಸಕ್ಕೋ ಇಲ್ಲಿಗೆ ಬರಲು ಅರ್ಜಿ ಹಾಕಿದಾಗ ಅದು ಅವನ ವಿರುದ್ಧವೇ ನಿಲ್ಲುತ್ತದೆ. ತಪ್ಪಿಸಿಕೊಂಡರೆ 10,000 ಸಿಂಗಪುರ ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ.

ನನ್ನ ಮಗ ಸೇರಿದ ದಿನ ದೋಣಿಯಲ್ಲಿ ತರಬೇತಿ ನಡೆಯುವ ತೆಕಾಂಗ್ ದ್ವೀಪಕ್ಕೆ ನಾವೂ ಹೋದೆವು. ಅವನು ಮಲಗುವ ಮಂಚ ತೋರಿಸಿದರು, ಅಲ್ಲಿಯ ಊಟವನ್ನೇ ನಮಗೂ ಬಡಿಸಿದರು. ಸಸ್ಯಾಹಾರವಿತ್ತು, ಆ ಚಿಂತೆ ಬೇಡವೆಂದು ನಿಮ್ಮ ತಾಯಿಯವರಿಗೆ ಹೇಳಿ. ಆಮೇಲೆ ತಲೆ ಬೋಳಿಸಿದರು. ಕಾಡಿನ ಶಿಬಿರದಲ್ಲಿದ್ದಾಗ ಮನೆಯವರ ಪತ್ರ ತಲುಪಿಸುತ್ತಾರೆ. ನನ್ನ ಪತ್ರ ಓದಿ ಅತ್ತನಂತೆ, ಪಕ್ಕದ ಮಲಯ ಹುಡುಗನೂ ತನ್ನ ಪತ್ರ ಓದುತ್ತ ಅಳುತ್ತಿದ್ದನಂತೆ. ತರಬೇತಿಯ ಕೊನೆಗೆ ಹೊರೆ ಹೊತ್ತು 24 ಕಿಲೋಮೀಟರ್ ನಡೆದು ಬಂದ ಹುಡುಗನನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಹೆಮ್ಮೆ ಇದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಪಿಆರ್‌ನ ಅನುಕೂಲ ಮನೆಮಂದಿಗೆಲ್ಲ, ಅದರ ಋಣ ತೀರಿಸುವವನು ಮಗ ಒಬ್ಬನೇ. ತಂದೆಗೆ ಇಲ್ಲ, ತಂಗಿಗೂ ಇಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ತಿಳಿಸಿ. ಹನ್ನೊಂದು ವರ್ಷದವನಿಗೆ ಇದು ಅರ್ಥವಾಗುತ್ತದೆ.

ಉತ್ತರ: ಮೀಸಲು ಪಡೆಯವನು
ಆಂಟಿ ಹೇಳಿದ್ದು ನಿಜ, ಆದರೆ ಎರಡು ವರ್ಷಕ್ಕೆ ಮುಗಿಯುವುದಿಲ್ಲ. ಆಮೇಲೆ ಹತ್ತು ವರ್ಷ ಮೀಸಲು ಸೇವೆ, ವರ್ಷಕ್ಕೆ 40 ದಿನಗಳವರೆಗೆ ಕರೆಯಬಹುದು. ಪ್ರತಿ ವರ್ಷ ದೈಹಿಕ ಪರೀಕ್ಷೆ: ಪುಶ್‌ಅಪ್, ಸಿಟ್‌ಅಪ್, 2.4 ಕಿಲೋಮೀಟರ್ ಓಟ. ಸೇರುವ ಮೊದಲೇ ಅದರಲ್ಲಿ ಸಾಕಷ್ಟು ಅಂಕ ಗಳಿಸಿದರೆ ಎರಡು ತಿಂಗಳು ಕಡಿಮೆಯಾಗುತ್ತದೆ, ಈಗಿನಿಂದಲೇ ಓಡಿಸಿ.

ನನ್ನ ಜೊತೆ ಓದಿದ ಹುಡುಗಿಯರು ನನಗಿಂತ ಎರಡು ವರ್ಷ ಮೊದಲೇ ಕೆಲಸಕ್ಕೆ ಸೇರಿದರು. ಅದು ಇಂದಿಗೂ ಚುಚ್ಚುತ್ತದೆ. ಆದರೂ ಶಾಲೆಯುದ್ದಕ್ಕೂ ಕೇಳಿಸಿಕೊಂಡ "ನೀನು ಎಲ್ಲಿಯವನು?" ಎಂಬ ಪ್ರಶ್ನೆಯನ್ನು ಬ್ಯಾರಕ್‌ನಲ್ಲಿ ಯಾರೂ ಕೇಳಲಿಲ್ಲ. ಅಜ್ಜಿಯವರ ಪ್ರಶ್ನೆಗೆ ನನ್ನ ಉತ್ತರ: ನಾನು ಬೆಳೆದ ಊರು ಇದು, ಯಾರದೋ ದೇಶವಲ್ಲ.

ಉತ್ತರ: ಪಿಆರ್ ಬೇಡವೆಂದವನು
ನಾವು ಕೆಲಸದ ಪಾಸ್‌ನಲ್ಲೇ ಉಳಿದೆವು. ಸರ್ಕಾರಿ ಶಾಲೆಯಲ್ಲೂ ವಿದೇಶಿ ಮಕ್ಕಳಿಗೆ ಶುಲ್ಕ ಬಹಳ ಹೆಚ್ಚು, ಸೀಟು ಕೊಡುವುದೂ ಸ್ಥಳೀಯರ ನಂತರವೇ. ಕೆಲಸ ಹೋದರೆ ಊರಿಗೆ ಮರಳಬೇಕು. ಮಗ ಬೆಂಗಳೂರಿನಲ್ಲಿ ಓದಲಿ ಎಂಬುದು ಮೊದಲೇ ನಿಶ್ಚಯವಾಗಿದ್ದರಿಂದ ಒಪ್ಪಿಕೊಂಡೆವು. ನಿಮ್ಮ ಮಗ ಇಲ್ಲಿಯೇ ನೆಲೆಸುವುದಾದರೆ ನಮ್ಮ ದಾರಿ ನಿಮಗಲ್ಲ.